ಸಭೆ ನಡೆಯಿತು, ಸುದ್ದಿ ಎಲ್ಲಿ?

ಪತ್ರಿಕೆಯ ಡೆಸ್ಕಿಗೆ ಸೇರಿ ಮೂರನೇ ವಾರ. ಅವತ್ತು ತಿಂಗಳ 31ನೇ ತಾರೀಕು. ತಾರೀಕು ಯಾಕೆ ನೆನಪಿದೆ ಅಂತ ಆಮೇಲೆ ಹೇಳುತ್ತೇನೆ.

ನಗರಸಭೆಯ ಸಭೆಗೆ ಹೋಗಿ ಬಂದು ಬರೆಯಲು ಕೂತೆ. ಮೊದಲ ಸಾಲು ಹೀಗಿತ್ತು: ‘ನಗರಸಭೆಯ ಸಭಾಂಗಣದಲ್ಲಿ ಅಧ್ಯಕ್ಷರ ನೇತೃತ್ವದಲ್ಲಿ ನಡೆದ ಸಾಮಾನ್ಯ ಸಭೆಯಲ್ಲಿ ವಿವಿಧ ವಿಷಯಗಳ ಕುರಿತು ಚರ್ಚೆ ನಡೆಯಿತು.’ ನನಗೇನೋ ಗಂಭೀರವಾಗಿಯೇ ಕಂಡಿತು.

ಮುಖ್ಯ ಉಪಸಂಪಾದಕರು ಕಾಪಿ ಓದಿದರು. ‘ಸಭೆ ಅಂದ್ಮೇಲೆ ಚರ್ಚೆ ನಡೆಯದೆ ಅಡುಗೆ ನಡೆಯುತ್ತಾ? ಸುದ್ದಿ ಎಲ್ಲಪ್ಪಾ?’

ಸುದ್ದಿ ಒಂಬತ್ತನೇ ಪ್ಯಾರಾದಲ್ಲಿತ್ತು. ನೀರಿನ ದರ ದುಪ್ಪಟ್ಟು.

ಎರಡನೇ ಸಲ ಹುಷಾರಾದೆ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂಬ ಆರು ಪ್ರಶ್ನೆಗೂ ಇಂಟ್ರೋದಲ್ಲೇ, ಅಂದರೆ ಸುದ್ದಿಯ ಆರಂಭದಲ್ಲೇ, ಉತ್ತರ ಇರಬೇಕು ಅಂತ ಓದಿದ್ದೆನಲ್ಲ, ಆರನ್ನೂ ಒಂದೇ ವಾಕ್ಯಕ್ಕೆ ತುರುಕಿದೆ. ಅವರು ಬೇಕಂತಲೇ ಜೋರಾಗಿ ಓದಿದರು. ಅರ್ಧದಲ್ಲೇ ನಿಂತು ಉಸಿರು ಎಳೆದುಕೊಂಡರು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅದಕ್ಕೂ ಮೊದಲು ಇಪ್ಪತ್ತೈದು ಪದ ಪೇರಿಸಿದರೆ, ಏನಾಯಿತು ಅಂತ ತಿಳಿಯುವ ಹೊತ್ತಿಗೆ ಯಾರು ಮಾಡಿದ್ದು ಅನ್ನುವುದೇ ಮರೆತಿರುತ್ತದೆ. ‘ಏನು’ ಮತ್ತು ‘ಯಾರು’ ಮೊದಲು ಬರಲಿ, ಉಳಿದವು ಎರಡನೇ ವಾಕ್ಯಕ್ಕೆ ಕಾಯಲಿ ಎಂದರು. ಈ ಮಾತು ನಾನು ಓದಿದ ಯಾವ ಪಾಠದಲ್ಲೂ ಇರಲಿಲ್ಲ.

ಮೂರನೇ ಸಲ ಬರೆದೆ: ‘ಮುಂದಿನ ತಿಂಗಳ 15ರಿಂದ ನೀರಿನ ದರ ದುಪ್ಪಟ್ಟಾಗಲಿದೆ.’ ಆರೇ ಪದ! ಹೊಗಳುತ್ತಾರೆ ಅಂತ ಕಾದೆ.

‘ಸರ್ಕಾರ ಒಪ್ಪಿಗೆ ಕೊಟ್ಟಿದೆಯಾ?’

‘ಇಲ್ಲ ಸರ್, ಇನ್ನು ಕಳಿಸಬೇಕಂತೆ.’

‘ಮತ್ತೆ ಆಗಲಿದೆ ಅಂತ ಹೇಳೋಕೆ ನೀನ್ಯಾರು?’

ಕೊನೆಗೆ ಅವರೇ ತಿದ್ದಿದರು: ‘ಮುಂದಿನ ತಿಂಗಳ 15ರಿಂದ ನೀರಿನ ದರ ದುಪ್ಪಟ್ಟು ಮಾಡಲು ನಗರಸಭೆ ನಿರ್ಧರಿಸಿದೆ.’ ಒಪ್ಪಿಗೆ ಬಾಕಿ ಇರುವುದು ಅದರ ಬೆನ್ನಿಗೇ ಬಂತು.

ರಾತ್ರಿ ಪುಟಕ್ಕೊಂದು ಜಾಹೀರಾತು ಬಂದು ಜಾಗ ಸಾಲದಾಯಿತು. ನನ್ನ ಸುದ್ದಿಯ ಕೊನೆಯ ಮೂರು ಪ್ಯಾರಾ ಹೋದವು. ಸುದ್ದಿಗೆ ಏನೂ ಆಗಲಿಲ್ಲ. ನನ್ನ ಮೊದಲ ಕಾಪಿಯೇ ಪುಟಕ್ಕೆ ಹೋಗಿದ್ದರೆ ನೀರಿನ ದರವೇ ಕತ್ತರಿಗೆ ಸಿಗುತ್ತಿತ್ತು, ಅಲ್ವಾ?

ಬೆಳಿಗ್ಗೆ ಓದುಗರೊಬ್ಬರ ಫೋನ್. ‘ಸ್ವಾಮಿ, ಮುಂದಿನ ತಿಂಗಳು ಅಂದ್ರೆ ಈ 15ನೇ ತಾರೀಕೋ, ಬರೋ ತಿಂಗಳದ್ದೋ?’

ಪತ್ರಿಕೆ ಅವರ ಕೈ ಸೇರಿದ್ದು 1ನೇ ತಾರೀಕು. ಮೂರು ಸಲ ಬರೆದ ನಾನಾಗಲಿ, ತಿದ್ದಿದ ಅವರಾಗಲಿ ಗೋಡೆಯ ಕ್ಯಾಲೆಂಡರ್ ಕಡೆ ನೋಡಿರಲಿಲ್ಲ.