ಕೊಂಬು ಸುಡಿಸುವ ದಿನ ಕಂಡ ಬೋಡು ಕರು

ಚನ್ನರಾಯಪಟ್ಟಣದ ಕಡೆಯ ನಮ್ಮ ಊರಿನಲ್ಲಿ ಡೇರಿಗೆ ಹಾಲು ಹಾಕುವ ಮನೆಗಳವರು ಹೆಣ್ಣುಗರುಗಳಿಗೆ, ಮುಂದೆ ಕೊಂಬು ಬೆಳೆಯದಂತೆ, ಎಳೆಯದರಲ್ಲಿಯೇ ಕೊಂಬು ಸುಡಿಸುತ್ತಾರೆ. ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ಅಕ್ಕಪಕ್ಕ ಕಟ್ಟಿದ ಮಿಶ್ರತಳಿ ಹಸುಗಳು ಹಿಂಡಿಗಾಗಿ ಒಂದನ್ನೊಂದು ಹಾಯುವಾಗ ಗಬ್ಬದ ಹಸುವಿನ ಹೊಟ್ಟೆಗೋ ತುಂಬಿದ ಕೆಚ್ಚಲಿಗೋ ಕೊಂಬು ತಗುಲಿದರೆ ಏನಾಗುತ್ತದೆಂಬುದನ್ನು ಕಂಡವರಿಗೆ ಇದು ಏಕೆ ಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮ ಕೊಟ್ಟಿಗೆಯ ಮೂರು ಕರುಗಳಿಗೆ ಕೊಂಬು ಸುಡಿಸಲು ಪಶುವೈದ್ಯರನ್ನು ಕರೆಸಿದೆವು. ಮೂರರಲ್ಲಿ ಒಂದಕ್ಕೆ ಸುಡುವ ಅಗತ್ಯವೇ ಬೀಳಲಿಲ್ಲ.

ಕರುಗಳಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಈ ವಯಸ್ಸನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಮೊದಲ ಎರಡು ತಿಂಗಳು ಕೊಂಬಿನ ಮೊಗ್ಗು ಚರ್ಮದಲ್ಲಿ ಮಾತ್ರ ಇದ್ದು, ಬೆರಳಿನಿಂದ ಒತ್ತಿದರೆ ಚರ್ಮದೊಂದಿಗೇ ಅಲುಗಾಡುತ್ತದೆ. ಆಮೇಲೆ ಅದು ತಲೆಬುರುಡೆಗೆ ಬೆಸೆದುಕೊಂಡು ಒಳಗೆ ಮೂಳೆ ಬೆಳೆಯುತ್ತದೆ, ಇನ್ನಷ್ಟು ತಿಂಗಳು ಕಳೆದರೆ ಹಣೆಯ ಮೂಳೆಯೊಳಗಿನ ಪೊಳ್ಳು ಭಾಗ ಕೊಂಬಿನೊಳಕ್ಕೂ ಚಾಚಿಕೊಳ್ಳುತ್ತದೆ. ಬೆಳೆದ ಹಸುವಿನ ಕೊಂಬನ್ನು ಬುಡಕ್ಕೆ ಕೊಯ್ದಾಗ ನೆತ್ತಿಯಲ್ಲಿ ತೂತು ಬಿದ್ದು, ರಕ್ತ ಸುರಿದು, ಕೀವು ಕಟ್ಟುವುದು ಇದೇ ಕಾರಣದಿಂದ.

ಡಾಕ್ಟರು ಮೊದಲ ಕರುವಿನ ನೆತ್ತಿಯ ಕೂದಲನ್ನು ಕತ್ತರಿಸಿ, ಹೆಬ್ಬೆರಳಿನಿಂದ ಮೊಗ್ಗನ್ನು ಹುಡುಕಿದರು. ಕಣ್ಣಿನ ಹೊರ ಮೂಲೆಯಿಂದ ಕೊಂಬಿನ ಬುಡದವರೆಗೆ ಮೂಳೆಯ ಒಂದು ಏಣು ಹೋಗುತ್ತದೆ. ಅದರ ಕೆಳಗೇ ಹರಿಯುವ ನರದ ಬಳಿ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಮದ್ದು ಚುಚ್ಚಿ, ಹತ್ತು ನಿಮಿಷ ಬಿಟ್ಟು, ಮೊಗ್ಗಿನ ಸುತ್ತ ಸೂಜಿಯ ಮೊನೆ ತಾಗಿಸಿ ನೋಡಿದರು. ಕರು ತಲೆ ಕೊಡವಲಿಲ್ಲ. ಆ ನಂತರವೇ ಕಾದ ಕಬ್ಬಿಣವನ್ನು ಮೊಗ್ಗಿನ ಮೇಲಿಟ್ಟು ತಿರುಗಿಸಿದ್ದು. ಕೂದಲು ಸುಟ್ಟ ಕಮಟು ಕೊಟ್ಟಿಗೆಯಲ್ಲೆಲ್ಲ ತುಂಬಿತು. ಕಬ್ಬಿಣ ತೆಗೆದಾಗ ಮೊಗ್ಗಿನ ಸುತ್ತ ತಾಮ್ರದ ಬಣ್ಣದ ಉಂಗುರವೊಂದು ಮೂಡಿತ್ತು. ಮರಗಟ್ಟಿಸುವ ಮದ್ದಿಲ್ಲದೆ ನಾಲ್ಕು ಜನ ಕರುವನ್ನು ಅದುಮಿ ಹಿಡಿದು ಸುಡುವುದನ್ನೂ ನಾನು ನೋಡಿದ್ದೇನೆ, ಆ ಕರುಗಳ ಕೂಗನ್ನು ಕೇಳಿದ್ದೇನೆ. 2023ರಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ ಕೊಂಬು ತೆಗೆಯುವ ಕೆಲಸವನ್ನು ನೋಂದಾಯಿತ ಪಶುವೈದ್ಯರೇ ಅರಿವಳಿಕೆ ಕೊಟ್ಟು ಮಾಡಬೇಕು. ಆ ನಿಯಮ ಪ್ರತಿಯೊಂದು ಹಳ್ಳಿಯ ಕೊಟ್ಟಿಗೆಗೂ ತಲುಪಬೇಕೆಂಬುದು ನನ್ನ ಮನಃಪೂರ್ವಕ ಆಸೆ.

ಎರಡನೆಯ ಕರುವಿನ ಕೆಲಸವೂ ಹೀಗೆಯೇ ಮುಗಿಯಿತು. ಮೂರನೆಯದರ ನೆತ್ತಿಯನ್ನು ಡಾಕ್ಟರು ಎರಡೆರಡು ಸಲ ಸವರಿ ನೋಡಿ, ಕತ್ತರಿಯನ್ನು ಕೆಳಗಿಟ್ಟರು. ಕೊಂಬು ಬರುವ ಕರುಗಳಿಗೆ ಮೊಗ್ಗಿನ ಮೇಲೆ ಕೂದಲು ಸುಳಿಯಾಗಿ ತಿರುಗಿರುತ್ತದೆ. ಇದಕ್ಕೆ ಆ ಎರಡೂ ಜಾಗದಲ್ಲಿ ಕೂದಲು ನುಣ್ಣಗೆ ಮಲಗಿತ್ತು, ಕೈಗೆ ಗಂಟು ಸಿಗುತ್ತಿರಲಿಲ್ಲ, ನೆತ್ತಿಯ ನಡು ಮಾತ್ರ ಎತ್ತರವಾಗಿ ಉಬ್ಬಿತ್ತು. “ಯಜಮಾನ್ರೇ, ಇದು ಹುಟ್ಟಾ ಬೋಡು. ಇದಕ್ಕೆ ಕೊಂಬೇ ಬರಲ್ಲ,” ಎಂದು ಅವರು ನಮ್ಮ ತಂದೆಯವರಿಗೆ ಹೇಳಿದರು.

ಕೃತಕ ಗರ್ಭಧಾರಣೆಯ ಚೀಟಿಯನ್ನು ತಂದುಕೊಟ್ಟೆ. ಹೊರದೇಶದ ಹೋಲ್‌ಸ್ಟೀನ್ ಎಂಬ ಹಾಲಿನ ತಳಿಯ ಹೋರಿಯ ಹೆಸರಿನ ಕೊನೆಯಲ್ಲಿ ‘ಪಿ’ ಎಂಬ ಅಕ್ಷರವಿತ್ತು. ಕೊಂಬಿಲ್ಲದ ಹೋರಿಗಳಿಗೆ ಹಾಕುವ ಗುರುತು ಅದು. ಆದರೆ ಎರಡನೆಯ ಕರುವೂ ಅದೇ ಹೋರಿಯದೇ, ಅದಕ್ಕೆ ಮಾತ್ರ ಕೊಂಬಿನ ಮೊಗ್ಗು ಬಂದಿತ್ತು. ತಂದೆಯವರಿಗೆ ಇದು ಸಮಸ್ಯೆಯಾಗಿ ಕಂಡಿತು. ಡಾಕ್ಟರು ಬಿಡಿಸಿ ಹೇಳಿದರು. ಕೊಂಬಿಲ್ಲದಿರುವಿಕೆಯ ಗುಣ ಪ್ರಬಲವಾದುದು, ತಂದೆಯಿಂದಲೋ ತಾಯಿಯಿಂದಲೋ ಅದರ ಜೀನಿನ ಒಂದು ಪ್ರತಿ ಬಂದರೂ ಸಾಕು, ಕೊಂಬು ಮೂಡುವುದಿಲ್ಲ. ಈ ಹೋರಿಯ ಎರಡು ಪ್ರತಿಗಳಲ್ಲಿ ಒಂದು ಬೋಡಿನದು, ಇನ್ನೊಂದು ಕೊಂಬಿನದು. ಆದ್ದರಿಂದ ಕೊಂಬಿನ ಹಸುಗಳಲ್ಲಿ ಅದಕ್ಕೆ ಹುಟ್ಟುವ ಕರುಗಳಲ್ಲಿ ಸರಿಸುಮಾರು ಅರ್ಧದಷ್ಟು ಬೋಡಾಗುತ್ತವೆ. ಎರಡೂ ಪ್ರತಿ ಬೋಡಿನದಾದ ಹೋರಿಯಾದರೆ ಕರುಗಳೆಲ್ಲವೂ ಬೋಡೇ. “ಹಂಗಾದ್ರೆ ಈ ಕೊಂಬಿನ ಕರುವಿನ ಹೊಟ್ಟೇಲಿ ಮುಂದೆ ಬೋಡು ಹುಟ್ಟಬೋದಾ ಡಾಕ್ಟ್ರೇ?” ಎಂದು ತಂದೆಯವರು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ಹುಟ್ಟುವುದಿಲ್ಲ; ಪ್ರಬಲವಾದ ಗುಣ ಒಳಗೆ ಅಡಗಿ ಕೂರುವುದಿಲ್ಲ, ಕಾಣದಿದ್ದರೆ ಇಲ್ಲವೆಂದೇ ಅರ್ಥ. ಮುಂದೆ ಅದಕ್ಕೆ ಕೂಡಿಸುವ ಹೋರಿಯೇ ಬೋಡಾಗಿದ್ದರೆ ಮಾತು ಬೇರೆ.

ಆ ಮೇಲೆ ನಾನು ಈ ವಿಷಯವನ್ನು ಆಸಕ್ತಿಯಿಂದ ಓದಿಕೊಂಡೆ. ಬೋಡು ದನಗಳು ಈಚಿನ ಸೃಷ್ಟಿಯಲ್ಲ. ಪ್ರಾಚೀನ ಈಜಿಪ್ಟಿನ ಗೋರಿಗಳ ಚಿತ್ರಗಳಲ್ಲಿಯೂ ಅವು ಇವೆ. ಸ್ಕಾಟ್ಲೆಂಡಿನ ಅಬರ್ಡೀನ್ ಆಂಗಸ್ ಮತ್ತು ಗ್ಯಾಲೊವೇ ತಳಿಗಳು ಪೂರ್ತಿಯಾಗಿ ಬೋಡು. ಈ ಗುಣ ದನಗಳ ಒಂದನೆಯ ವರ್ಣತಂತುವಿನಲ್ಲಿದೆ. ಜೀನ್ ತಿದ್ದಿ ಹೋಲ್‌ಸ್ಟೀನ್ ಕರುಗಳನ್ನು ಬೋಡಾಗಿ ಹುಟ್ಟಿಸುವ ಪ್ರಯೋಗ ಅಮೆರಿಕದಲ್ಲಿ ನಡೆದು 2015ರಲ್ಲಿ ಅಂಥ ಕರುಗಳು ಹುಟ್ಟಿದ್ದವು, ಆದರೆ ತಿದ್ದುವಾಗ ಬೇಡದ ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕೂ ಸೇರಿಕೊಂಡಿದ್ದುದು 2019ರಲ್ಲಿ ಬೆಳಕಿಗೆ ಬಂತು. ತಾನಾಗಿ ಬಂದ ಗುಣವೇ ಕೈಗೆ ಸಿಗುವಂತಿರುವಾಗ ಅಷ್ಟು ದೂರ ಹೋಗಬೇಕೇ ಎಂಬುದು ನನ್ನ ಪ್ರಶ್ನೆ. ಸ್ವಿಟ್ಜರ್ಲೆಂಡಿನಲ್ಲಂತೂ ಹಸುಗಳ ಕೊಂಬನ್ನು ಉಳಿಸಿಕೊಳ್ಳುವ ರೈತರಿಗೆ ಸಹಾಯಧನ ಕೊಡಬೇಕೆಂದು 2018ರಲ್ಲಿ ಜನಮತವನ್ನೇ ನಡೆಸಿದರು. ಪ್ರಸ್ತಾಪ ಸೋತಿತು, ಆದರೂ ನೂರಕ್ಕೆ ನಲವತ್ತೈದರಷ್ಟು ಮತ ಅದರ ಪರವಾಗಿ ಬಿದ್ದಿತ್ತು.

ಆ ನಲವತ್ತೈದರ ಮನಸ್ಸು ನನಗೆ ಅರ್ಥವಾಗುತ್ತದೆ. ನಮ್ಮ ತಂದೆಯವರು ಬೇಸಾಯದಲ್ಲಿದ್ದಷ್ಟು ಕಾಲವೂ ಹಳ್ಳಿಕಾರ್ ಎತ್ತುಗಳನ್ನು ಕಟ್ಟಿದವರು. ನೆತ್ತಿಯ ಮೇಲೆ ಒಂದರ ಪಕ್ಕ ಒಂದು ಹುಟ್ಟಿ, ಹಿಂದಕ್ಕೆ ನೇರವಾಗಿ ಹೋಗಿ, ಮುಂದಕ್ಕೆ ಬಾಗುವ ಆ ಚೂಪು ಕೊಂಬನ್ನು ನೋಡಿಯೇ ಜಾತ್ರೆಯಲ್ಲಿ ಜೋಡಿ ಕೂಡಿಸುವುದು. ಹೆರೆದು ನಯ ಮಾಡಿ, ಎಣ್ಣೆ ಸವರಿ, ತುದಿಗೆ ಹಿತ್ತಾಳೆಯ ಅಣಸು ಹಾಕಿ ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಹೊಡೆದುಕೊಂಡು ಹೋಗುವುದು. ಹಸುವಾದರೆ ಕೊಂಬಿನ ಬುಡದ ಬಳೆಗಳನ್ನು ಎಣಿಸಿ ಎಷ್ಟು ಸೂಲೆಂದು ಅಂದಾಜು ಹೇಳುವವರು ಈಗಲೂ ಇದ್ದಾರೆ. ಉದ್ದ ಕೊಂಬಿನ ಎತ್ತುಗಳನ್ನು ಕೊಂಬಿನ ಕ್ಯಾನ್ಸರ್ ಕಾಡುವುದೂ ನಿಜವೇ, ಆದರೆ ಅದಕ್ಕಾಗಿ ಹಳ್ಳಿಕಾರಿಗೆ ಬೋಡು ರಕ್ತ ಬೆರೆಸುವುದನ್ನು ನಾನು ಒಪ್ಪಲಾರೆ. ಕೊಂಬು ಹೋದ ಹಳ್ಳಿಕಾರ್ ಹಳ್ಳಿಕಾರಾಗಿ ಉಳಿಯುವುದಿಲ್ಲ. ಮಿಶ್ರತಳಿಯ ಹಸುವಿನ ಮಾತು ಅದಲ್ಲ. ಹಾಲಿಗೆಂದೇ ಕಟ್ಟಿ ಸಾಕುವ ಅದಕ್ಕೆ ಕೊಂಬಿನಿಂದ ಆಗುವ ಉಪಕಾರ ಕಡಿಮೆ, ಅದನ್ನು ತೆಗೆಸುವಾಗ ಆಗುವ ನೋವು ಮಾತ್ರ ದೊಡ್ಡದು.

ಡಾಕ್ಟರು ಹೊರಡುವ ಮುನ್ನ ಒಂದು ಎಚ್ಚರಿಕೆ ಕೊಟ್ಟರು. ಬೋಡು ಹೋರಿಗಳ ಸಂಖ್ಯೆ ಕಡಿಮೆಯಾದ್ದರಿಂದ ಕೊಂಬೊಂದನ್ನೇ ನೋಡಿ ಆರಿಸಿದರೆ ಹಾಲು, ಕೆಚ್ಚಲು, ಕಾಲುಗಳ ಗುಣದಲ್ಲಿ ನಷ್ಟವಾಗಬಹುದು. ಅದೇ ಹೋರಿಯ ಸಂತತಿ ಮತ್ತೆ ಮತ್ತೆ ಕೂಡಿ ರಕ್ತಸಂಬಂಧದ ದೋಷವೂ ಬರಬಹುದು. ತಂದೆಯವರು ಇದನ್ನು ಒಪ್ಪಿದರು. ಬೋಡು ಕರುವಿನ ಕಿವಿಯೋಲೆಯ ಸಂಖ್ಯೆಯ ಮುಂದೆ ‘ಹುಟ್ಟಾ ಬೋಡು’ ಎಂದು ನಮ್ಮ ಪುಸ್ತಕದಲ್ಲಿ ಬರೆಸಿದರು. ಅದು ಬೆದೆಗೆ ಬಂದಾಗ ಯಾವ ಹೋರಿಯ ವೀರ್ಯದ ಕಡ್ಡಿ ಹಾಕಬೇಕೆಂದು ಗೊತ್ತುಮಾಡಲು ಆ ಸಾಲು ಬೇಕಾಗುತ್ತದೆ.