ಇಗ್ಬೊ-ಉಕ್ವು: ಊರಲ್ಲಿಲ್ಲದವರ ಊರು

ನೈಜೀರಿಯಾದ ಒನಿಚಾದಲ್ಲಿ ನೈಜರ್ ನದಿ ದಾಟಿದರೆ ಕೆಂಪು ಮಣ್ಣಿನ ಸೀಮೆ. ಲಾಗೋಸ್‌ನ ನನ್ನ ಸಹೋದ್ಯೋಗಿಯ ಊರು ಅನಂಬ್ರಾ ರಾಜ್ಯದ ಇಗ್ಬೊ-ಉಕ್ವು. ಹೋದದ್ದು ಆಗಸ್ಟ್‌ನಲ್ಲಿ. ದಾರಿಯುದ್ದಕ್ಕೂ ಎಣ್ಣೆತಾಳೆ, ಕೋಲಿಗೆ ಹಬ್ಬಿಸಿದ ಯಾಮ್ ಗೆಡ್ಡೆಯ ಬಳ್ಳಿ, ನಡುನಡುವೆ ಬೀಗ ಜಡಿದ ದೊಡ್ಡ ದೊಡ್ಡ ಬಂಗಲೆಗಳು.

"ಮನೆಯವರೆಲ್ಲ ಎಲ್ಲಿ?"

"ಲಾಗೋಸ್, ಹ್ಯೂಸ್ಟನ್, ಚೀನಾ. ಕ್ರಿಸ್ಮಸ್‌ಗೆ ಬರ್ತಾರೆ."

ಎಲ್ಲಿ ದುಡಿದರೂ ಊರಲ್ಲೊಂದು ಮನೆ ಕಟ್ಟದವನ ದುಡಿಮೆ ಇಲ್ಲಿ ಲೆಕ್ಕಕ್ಕಿಲ್ಲ. ಸತ್ತರೆ ಮಣ್ಣು ಮಾಡುವುದೂ ಅದೇ ಅಂಗಳದಲ್ಲಿ.

ಮೊದಲು ಹೋದದ್ದು ಅವನ ದೊಡ್ಡಪ್ಪನ 'ಓಬಿ'ಗೆ, ಅಂದರೆ ಮನೆಯ ಯಜಮಾನ ಬಂದವರನ್ನು ಕೂರಿಸುವ ಚಾವಡಿಗೆ. ಕೆಂಪು ಟೋಪಿಯ ಹಿರಿಯರು ಮರದ ತಟ್ಟೆಯಲ್ಲಿ ಕೋಲಾ ಕಾಯಿ, ಅಂದರೆ ಬಂದವರಿಗೆ ಮೊದಲು ಕೊಡುವ ಬೀಜ, ತರಿಸಿದರು. ಅದನ್ನು ನೇರವಾಗಿ ಒಡೆಯುವಂತಿಲ್ಲ. ತಟ್ಟೆ ದಾಯಾದಿಗಳ ಕೈಯಿಂದ ಕೈಗೆ, ಯಾವ ಕವಲು ಹಿರಿದು ಯಾವುದು ಕಿರಿದು ಎಂಬ ಕ್ರಮದಲ್ಲಿ ಸುತ್ತಿ, ಮತ್ತೆ ಯಜಮಾನರ ಕೈಗೇ ಬರಬೇಕು. ಒಬ್ಬ ಹುಡುಗ ಕ್ರಮ ತಪ್ಪಿಸಿದ. ಮೂವರು ಒಟ್ಟಿಗೇ ಗದರಿದರು. ಆಮೇಲೆ ಪ್ರಾರ್ಥನೆ. ಕೋಲಾಗೆ ಇಂಗ್ಲಿಷ್ ತಿಳಿಯದು ಎಂಬುದು ಇಲ್ಲಿನ ಮಾತು, ಹಾಗಾಗಿ ಪ್ರಾರ್ಥನೆ ಇಲ್ಲಿನ ಭಾಷೆಯಾದ ಇಗ್ಬೊದಲ್ಲೇ ನಡೆಯಬೇಕು. ಚುಕ್ವು ದೇವರು, ಪಿತೃಗಳು, ಕೊನೆಗೆ ಯೇಸು ಕೂಡ ಬಂದುಹೋದರು. ಒಂದೊಂದು ಸಾಲಿಗೂ ಎಲ್ಲರೂ "ಇಸೇ", ಅಂದರೆ ಹಾಗೇ ಆಗಲಿ, ಎಂದರು. ಒಡೆದಾಗ ನಾಲ್ಕು ಹೋಳು. ಶುಭ! ಯಾಕೆಂದರೆ ಎಕೆ, ಓರಿಯೆ, ಆಫೊ, ಎನ್‌ಕ್ವೊ ಎಂದು ಸಂತೆಯ ದಿನಗಳೂ ನಾಲ್ಕು. ಈ ಸೋಮವಾರ ಬಿದ್ದ ಸಂತೆ ಮುಂದಿನದು ಶುಕ್ರವಾರ. ನಮ್ಮ ಕ್ಯಾಲೆಂಡರ್ ನಂಬಿದರೆ ಕೆಟ್ಟೆವು.

ಹೋಳನ್ನು ಖಾರದ ಕಡಲೆಕಾಯಿ ಮುದ್ದೆಗೆ ಅದ್ದಿ ಬಾಯಿಗಿಟ್ಟೆ. ಕಹಿಯೆಂದರೆ ಕಹಿ, ಮುಖ ಕಿವುಚಿದೆ, ಎಲ್ಲರೂ ನಕ್ಕರು. ಆ ಮುದ್ದೆ ಅರೆದವರು ದೊಡ್ಡಮ್ಮ. ಕೋಲಾ ಒಡೆಯುವ ಹಕ್ಕು ಮಾತ್ರ ಹೆಂಗಸರಿಗಿಲ್ಲ. ಇದು ನನಗೆ ಸರಿಕಾಣಲಿಲ್ಲ.

ಹಾಗೆಂದು ಹೆಂಗಸರು ಮೂಲೆಯಲ್ಲಿ ಕೂತಿಲ್ಲ. ಆಗಸ್ಟ್ ಬಂತೆಂದರೆ ಪಟ್ಟಣಗಳಲ್ಲಿರುವ ಹೆಂಗಸರು ಒಂದೇ ಬಗೆಯ ಬಟ್ಟೆ ಉಟ್ಟು ಊರಿಗಿಳಿಯುತ್ತಾರೆ. ಆಗಸ್ಟ್ ಮೀಟಿಂಗ್ ಎಂದೇ ಅದರ ಹೆಸರು. ವಂತಿಗೆ, ಜಗಳ, ಆಸ್ಪತ್ರೆ, ಸಂತೆಕಟ್ಟೆ, ಎಲ್ಲವೂ ಅಲ್ಲೇ ಇತ್ಯರ್ಥ. ಬಾರದವಳಿಗೆ ದಂಡ. ಬೀಗ ಹಾಕಿದ್ದ ಎಷ್ಟೋ ಅಡುಗೆಮನೆಗಳಲ್ಲಿ ಆ ವಾರ ಹೊಗೆ ಕಂಡಿತು. ಹೊಸ ಯಾಮ್ ಹಬ್ಬವೂ ಇದೇ ಕಾಲದ್ದು. ಹಿರಿಯರು ಸುಟ್ಟ ಗೆಡ್ಡೆಯನ್ನು ತಾಳೆ ಎಣ್ಣೆಗೆ ಅದ್ದಿ ಮೊದಲು ತಿನ್ನುವ ತನಕ ಸಂಪ್ರದಾಯಸ್ಥರು ಹೊಸ ಬೆಳೆ ಮುಟ್ಟುವುದಿಲ್ಲ.

ಊರಿನ ಹೆಸರು ಪ್ರಪಂಚಕ್ಕೆ ಗೊತ್ತಾದದ್ದು 1938ರಲ್ಲಿ. ಐಸಾಯಾ ಅನೋಜಿ ಎಂಬವರು ಅಂಗಳದಲ್ಲಿ ನೀರಿನ ತೊಟ್ಟಿಗೆಂದು ಅಗೆದಾಗ ಕಂಚಿನ ಪಾತ್ರೆಗಳು ಸಿಕ್ಕವು. 1959ರಿಂದ ಪುರಾತತ್ವಜ್ಞ ಥರ್ಸ್ಟನ್ ಶಾ ಉತ್ಖನನ ನಡೆಸಿದರು. ಸುಮಾರು 9ನೇ ಶತಮಾನದ ಕೆಲಸ. ಮಣಿಗಳೇ ಒಂದೂವರೆ ಲಕ್ಷಕ್ಕೂ ಹೆಚ್ಚು. ಹಗ್ಗ ಸುತ್ತಿದ ಮಡಕೆಯೊಂದಿದೆ, ಹಗ್ಗದ ಗಂಟೂ ಕಂಚೇ. ಅದನ್ನು ನೋಡಬೇಕೆಂದೆ. "ಅವೂ ಊರು ಬಿಟ್ಟಿವೆ. ಲಾಗೋಸ್ ಮ್ಯೂಸಿಯಂನಲ್ಲಿ ಹಲವು, ಲಂಡನ್‌ನಲ್ಲಿ ಕೆಲವು" ಎಂದು ಸಹೋದ್ಯೋಗಿ ನಕ್ಕ.

ಹೊರಡುವ ಮುನ್ನ ಅವನು ದಾಯಾದಿಗಳ ಸಂಘದ ಖಜಾಂಚಿಗೆ ಬಾಕಿ ವಂತಿಗೆ ಎಣಿಸಿಕೊಟ್ಟ.

"ಕೊಡದಿದ್ದರೆ?"

"ನಾಳೆ ನಮ್ಮಪ್ಪನ ಮಣ್ಣಿಗೆ ಯಾರೂ ಬರಲ್ಲ" ಎನ್ನುತ್ತಾ ರಸೀದಿ ಕೇಳಿ ತೆಗೆದುಕೊಂಡ.