ಸೋಸಿದರೂ ಉಳಿಯುವ ಪ್ರೋಟೀನುಗಳು

ಪ್ರತಿಕಾಯ (ಆಂಟಿಬಾಡಿ) ಔಷಧಗಳಲ್ಲಿ ಹೆಚ್ಚಿನವು ತಯಾರಾಗುವುದು ಚೋ ಕೋಶಗಳಲ್ಲಿ. ಅಮೆರಿಕದ ತಳಿವಿಜ್ಞಾನಿ ಥಿಯೋಡೋರ್ ಪಕ್ 1957ರಲ್ಲಿ ಚೀನೀ ಹ್ಯಾಮ್‌ಸ್ಟರಿನ ಅಂಡಾಶಯದಿಂದ ಬೆಳೆಸಿದ ಕೋಶಗಳ ಸಂತತಿ ಇದು. ಈ ಕೋಶ ನಮಗೆ ಬೇಕಾದ ಪ್ರತಿಕಾಯದ ಜೊತೆಗೆ ತನ್ನ ಬದುಕಿಗೆ ಬೇಕಾದ ಸಾವಿರಾರು ಪ್ರೋಟೀನುಗಳನ್ನೂ ತಯಾರಿಸುತ್ತದೆ, ಕೆಲವನ್ನು ಹೊರಕ್ಕೆ ಸ್ರವಿಸುತ್ತದೆ, ಸತ್ತಾಗ ಒಡಲಲ್ಲಿದ್ದುದನ್ನೆಲ್ಲ ದ್ರವಕ್ಕೆ ಸುರಿಯುತ್ತದೆ. ಶುದ್ಧೀಕರಣದಲ್ಲಿ ಇವುಗಳ ಬಹುಪಾಲು ಹೋಗುತ್ತದೆಯಾದರೂ ಪ್ರತಿಕಾಯಕ್ಕೇ ಅಂಟಿಕೊಂಡ ಕೆಲವು ಕೊನೆಯವರೆಗೂ ಜೊತೆಗೆ ಬರುತ್ತವೆ.

ಒಂದು ಮಿಲಿಗ್ರಾಂ ಪ್ರತಿಕಾಯಕ್ಕೆ ಇಂಥ ಕಲ್ಮಷ 100 ನ್ಯಾನೋಗ್ರಾಮಿಗಿಂತ ಕಡಿಮೆಯಿರಬೇಕೆಂಬುದು ಉದ್ಯಮದಲ್ಲಿ ರೂಢಿಯಾದ ಗುರಿ. ಆದರೆ ಈ ಪ್ರೋಟೀನುಗಳನ್ನು ಒಟ್ಟಾಗಿ ಅಳೆಯುವ ಎಲೈಸಾ ಪರೀಕ್ಷೆ ಕೊಡುವ ಆ ಒಟ್ಟು ಮೊತ್ತವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಎಷ್ಟಿದೆ ಎಂಬುದಕ್ಕಿಂತ ಯಾವುದಿದೆ ಎಂಬುದೇ ಮುಖ್ಯ. ಕೊಬ್ಬನ್ನು ಒಡೆಯುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವವನ್ನೇ ನೋಡಿ. ಪ್ರತಿಕಾಯದ ಅಣುಗಳು ಒಂದಕ್ಕೊಂದು ಅಂಟಿ ಗಂಟುಕಟ್ಟದಿರಲೆಂದು ಬೆರೆಸುವ ಪಾಲಿಸಾರ್ಬೇಟ್ ಎಂಬ ಸಾಬೂನಿನಂಥ ವಸ್ತುವನ್ನು ಈ ಕಿಣ್ವ, ಅತ್ಯಲ್ಪ ಪ್ರಮಾಣದಲ್ಲಿದ್ದರೂ, ಶೈತ್ಯಾಗಾರದ 2ರಿಂದ 8 ಡಿಗ್ರಿಯಲ್ಲೂ ತಿಂಗಳುಗಟ್ಟಲೆ ನಿಧಾನವಾಗಿ ಒಡೆಯಬಲ್ಲದು. ಪಾಲಿಸಾರ್ಬೇಟ್ ಒಡೆದಾಗ ಬಿಡುಗಡೆಯಾದ ಕೊಬ್ಬಿನಾಮ್ಲ ತಂಪಿನಲ್ಲಿ ಸರಿಯಾಗಿ ಕರಗದು. ಬಾಟಲಿಯನ್ನು ಬೆಳಕಿಗೆ ಹಿಡಿದರೆ ತಿಳಿಯಾಗಿದ್ದ ದ್ರವದಲ್ಲಿ ಸಣ್ಣ ಕಣಗಳು ತೇಲುತ್ತಿರಬಹುದು. ಲೆಬ್ರಿಕಿಜುಮ್ಯಾಬ್ ಎಂಬ ಪ್ರತಿಕಾಯ ಔಷಧದ ಪ್ರಯೋಗಗಳಲ್ಲಂತೂ ಪಿಎಲ್‌ಬಿಎಲ್2 ಎಂಬ ಹ್ಯಾಮ್‌ಸ್ಟರ್ ಪ್ರೋಟೀನಿನ ವಿರುದ್ಧ ರೋಗಿಗಳ ದೇಹವೇ ಪ್ರತಿಕಾಯ ಬೆಳೆಸಿಕೊಂಡಿತು.

ಕೊಳೆಯನ್ನು ಆಮೇಲೆ ತೊಳೆಯುವ ಬದಲು ಅದು ಹುಟ್ಟದಂತೆಯೇ ನೋಡಿಕೊಳ್ಳುವುದು ಸೆಲ್ ಲೈನ್ ಅಂದರೆ ಕೋಶಸಂತತಿಯನ್ನೇ ತಿದ್ದುವವರ ಹಾದಿ. ಜೀನು ಕತ್ತರಿಸುವ ಉಪಕರಣವಾದ ಕ್ರಿಸ್ಪರಿನಿಂದ ಲೈಪೇಸಿನ ಜೀನನ್ನು ಕತ್ತರಿಸಿದರೆ, ಕೋಶ ಆ ಗಾಯವನ್ನು ಹೊಲಿದುಕೊಳ್ಳುವಾಗ ಹಲವು ಸಲ ಒಂದೆರಡು ಅಕ್ಷರ ತಪ್ಪಿ ಮುಂದಿನ ಪಾಠವೆಲ್ಲ ಕೆಡುತ್ತದೆ, ಕೆಲಸ ಮಾಡುವ ಪ್ರೋಟೀನು ತಯಾರಾಗುವುದೇ ಇಲ್ಲ. 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಇಂಥ 14 ಪ್ರೋಟೀನುಗಳ ಜೀನುಗಳನ್ನು ಒಂದೇ ಕೋಶಸಂತತಿಯಲ್ಲಿ ಕೆಡಿಸಿದರೂ ಅದು ಚೆನ್ನಾಗಿಯೇ ಬೆಳೆಯಿತು.

ಆದರೆ ಬದುಕಿಗೆ ಅನಿವಾರ್ಯವಾದ ಪ್ರೋಟೀನನ್ನು ಹೀಗೆ ಕಿತ್ತೊಗೆಯಲಾಗದು. ಒಂದು ಲೈಪೇಸ್ ಹೋದರೆ ಪಾಲಿಸಾರ್ಬೇಟನ್ನು ಒಡೆಯಬಲ್ಲ ಬೇರೆ ಕಿಣ್ವಗಳು ಉಳಿದೇ ಇರುತ್ತವೆ. ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕ್ಲೋನಿನ ಪ್ರಶ್ನೆ. ತಿದ್ದಿದ ಮೇಲೆ ಒಂದೇ ಕೋಶವನ್ನು ಆರಿಸಿ ಅದರಿಂದ ಇಡೀ ಸಂತತಿಯನ್ನು ಬೆಳೆಸುತ್ತೇವೆ, ಅದೇ ಕ್ಲೋನ್. ಚೋ ಕೋಶಗಳೋ ವರ್ಣತಂತುಗಳ ಸಂಖ್ಯೆಯಲ್ಲೇ ಒಂದರಂತೆ ಇನ್ನೊಂದಿಲ್ಲ. ಹೀಗಿರುವಾಗ ತಿದ್ದಿದ ಕ್ಲೋನಿನಲ್ಲಿ ಪ್ರತಿಕಾಯದ ಇಳುವರಿ ಹೆಚ್ಚಿದರೆ, ಅದು ಜೀನು ಹೋದದ್ದರಿಂದಲೋ, ಆರಿಸಿದ ಕೋಶವೇ ಚುರುಕಾಗಿದ್ದುದರಿಂದಲೋ ಎಂದು ಹೇಳಬೇಕಾದರೆ ಒಂದಲ್ಲ, ಹಲವು ಕ್ಲೋನುಗಳನ್ನು ತಿದ್ದದ ಕ್ಲೋನುಗಳ ಜೊತೆಗಿಟ್ಟು ಅಳೆಯಬೇಕಾಗುತ್ತದೆ.